ಹಿರಿಯರು ಮಾಡಿಸಿದ ರಾಜಿ ಯಾಕೆ ನಿಲ್ಲುವುದಿಲ್ಲ?

ಮಾನ್ಯ ಸಂಪಾದಕರೇ,

ಮುಂಬೈ ಕನ್ನಡಿಗರಲ್ಲಿ ಹೋಟೆಲಿನ ಪಾಲುದಾರಿಕೆಯೋ ಊರಿನ ಜಾಗವೋ ಜಗಳಕ್ಕೆ ಬಂದರೆ ಮೊದಲ ಕರೆ ಹೋಗುವುದು ಸಮಾಜದ ಹಿರಿಯರಿಗೆ. ಅವರು ಹತ್ತು ನಿಮಿಷ ಕೇಳಿ ‘ಹೀಗೆ ಮಾಡಿಬಿಡಿ’ ಎನ್ನುತ್ತಾರೆ. ಅದು ಪಂಚಾಯಿತಿಕೆ, ಮಧ್ಯಸ್ಥಿಕೆಯಲ್ಲ. ಮಧ್ಯಸ್ಥಗಾರ ತೀರ್ಪು ಕೊಡುವುದಿಲ್ಲ, ಇಬ್ಬರೂ ತಾವೇ ಒಪ್ಪಂದಕ್ಕೆ ಬರಲು ನೆರವಾಗುತ್ತಾನೆ. ಮುಖ ನೋಡಿ ಒಪ್ಪಿದವರು ಮರುದಿನವೇ ವಕೀಲರನ್ನು ಹುಡುಕುತ್ತಾರೆ.

ಮಧ್ಯಸ್ಥಿಕೆಯಲ್ಲಿ ಮೊದಲು ಇಬ್ಬರನ್ನೂ ಕೂರಿಸಿ ನಿಯಮ ತಿಳಿಸಬೇಕು. ನಂತರ ಬೇರೆ ಬೇರೆಯಾಗಿ ಮಾತು. ಒಬ್ಬರಿಗೆ 40 ನಿಮಿಷವಾದರೆ ಇನ್ನೊಬ್ಬರಿಗೂ ಹೆಚ್ಚುಕಡಿಮೆ ಅಷ್ಟೇ, ಹೊರಗೆ ಕಾಯುವವರಲ್ಲಿ ಅನುಮಾನ ಬೇಗ ಬೆಳೆಯುತ್ತದೆ. ಅಲ್ಲಿ ಕೇಳಿದ್ದನ್ನು ಅನುಮತಿಯಿಲ್ಲದೆ ಎದುರಿನವರಿಗೆ ದಾಟಿಸಿದರೆ ಕೆಲಸ ಅಲ್ಲಿಗೇ ಕೆಟ್ಟಿತು. ‘ಎಷ್ಟು ಬೇಕು’ ಎನ್ನುವುದಕ್ಕಿಂತ ‘ಯಾಕೆ ಬೇಕು’ ಎಂದು ಕೇಳಿ. ಗಲ್ಲಾದಲ್ಲಿ ತಾನೇ ಕೂರುತ್ತೇನೆಂದು ಹಟ ಹಿಡಿದ ಅಣ್ಣನಿಗೆ ಎಷ್ಟೋ ಸಲ ಬೇಕಿರುವುದು ದಿನದ ಲೆಕ್ಕ ಕಣ್ಣಿಗೆ ಬೀಳುವುದಷ್ಟೇ.

ಒಪ್ಪಂದದಲ್ಲಿ ‘ಆದಷ್ಟು ಬೇಗ’ ಎಂಬ ಮಾತು ಬೇಡವೇ ಬೇಡ. ಮೊತ್ತ, ಕಂತು, ತಾರೀಕು, ತಪ್ಪಿದರೆ ಏನು, ಎಲ್ಲ ಬರೆಯಬೇಕು. ಇಲ್ಲೇ ಓದಿದ ಮಕ್ಕಳಿಗೆ ಕನ್ನಡ ಅಕ್ಷರ ಬಾರದಿದ್ದರೆ ಸಹಿಗೆ ಮುಂಚೆ ಓದಿ ಹೇಳಬೇಕು.

2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ಮಾತುಕತೆ ಮುಗಿಸಲು 120 ದಿನ, ಇಬ್ಬರೂ ಒಪ್ಪಿದರೆ ಇನ್ನೂ 60 ದಿನ ಎಂದಿದೆ. ಅದೇ ಕಾಯ್ದೆಯ ಪ್ರಕಾರ ಊರು-ಕೇರಿಯ ನೆಮ್ಮದಿ ಕೆಡದಂತೆ ನಡೆಸುವ ಸಾಮುದಾಯಿಕ ಮಧ್ಯಸ್ಥಿಕೆಯ ಒಪ್ಪಂದಕ್ಕೆ ಡಿಕ್ರಿಯ, ಅಂದರೆ ನ್ಯಾಯಾಲಯದ ತೀರ್ಪಿನ ಬಲವಿಲ್ಲ. ಹಾಗಾಗಿ ಆಸ್ತಿಯ ವಿಷಯವಿದ್ದರೆ ನ್ಯಾಯಾಲಯದ ಮಧ್ಯಸ್ಥಿಕೆ ಕೇಂದ್ರಕ್ಕೇ ಹೋಗಿ. ಮನೆಯಲ್ಲಿ ಹೊಡೆತ ತಿನ್ನುತ್ತಿರುವವಳನ್ನು ಮಾತ್ರ ದಯವಿಟ್ಟು ರಾಜಿಗೆ ಕೂರಿಸಬೇಡಿ. ಮೊದಲು ಅವಳು ಸುರಕ್ಷಿತವಾಗಿರಲಿ.

– ಇಬ್ಬರು ಮಧ್ಯಸ್ಥಗಾರರು, ಡೊಂಬಿವಲಿ