ಮೊದಲು ಅರ್ಜಿ, ಆಮೇಲೆ ಫೋಟೊ

ಮಾನ್ಯರೇ,

ಬಿದರಿ ಲೋಹಕಲೆಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆ ಎಂದು ಬೀದರಿನ ಕುಶಲಕರ್ಮಿಗಳು ನಿಶ್ಚಿಂತರಾಗುವಂತಿಲ್ಲ. ಅದು ಕಾಯುವುದು ಬಿದರಿ ಎಂಬ ಹೆಸರನ್ನು. ಹೂದಾನಿಯ ಹೊಸ ಆಕಾರ, ಬೆಳ್ಳಿ ತಂತಿಯ ಹೊಸ ಚಿತ್ತಾರಕ್ಕೆ 2000ದ ವಿನ್ಯಾಸ ಕಾಯ್ದೆಯಡಿ ಬೇರೆಯೇ ನೋಂದಣಿ ಬೇಕು. ಫಾರ್ಮ್ 1, ಎಲ್ಲ ಬದಿಯ ಚಿತ್ರಗಳು, ವ್ಯಕ್ತಿಗೆ ಶುಲ್ಕ 1,000 ರೂ.; ರಕ್ಷಣೆ 10 ವರ್ಷ, ವಿಸ್ತರಿಸಿದರೆ ಇನ್ನೂ 5.

ಕೆಲಸ ಕೆಡುವುದು ಅರ್ಜಿಗೆ ಮುಂಚೆಯೇ ಫೇಸ್‌ಬುಕ್ಕಿಗೆ ಫೋಟೊ ಹಾಕಿದಾಗ. ಪ್ರಕಟವಾದ ವಿನ್ಯಾಸ ಕಾನೂನಿನ ಕಣ್ಣಿಗೆ ಹೊಸದಲ್ಲ. ನೋಂದಣಿ ಸಿಕ್ಕಿದ್ದರೂ ರದ್ದಾಗಬಹುದು. ನೋಂದಾಯಿಸದೆ ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಪ್ರತಿ ತಯಾರಾದರೆ ಕೃತಿಸ್ವಾಮ್ಯವೂ ಉಳಿಯದು. ಅರ್ಜಿ ತುಂಬಿಸಲು ಜಿಲ್ಲಾ ಕೈಗಾರಿಕಾ ಕೇಂದ್ರದವರು ತಿಂಗಳಿಗೊಮ್ಮೆಯಾದರೂ ಕುಶಲಕರ್ಮಿಗಳ ಓಣಿಗೇ ಬರಲಿ.

– ಓರ್ವ ಓದುಗ, ಬೀದರ್