ಹಿನ್ನೀರಿನಲ್ಲಿ ಈಜಲು ಒಂದು ದೋಣಿ ಬೇಕು

ಮಾನ್ಯ ಸಂಪಾದಕರೇ,

ಟ್ರಯಥ್ಲಾನ್ (ಈಜು, ಸೈಕಲ್, ಓಟ ಒಂದರ ಹಿಂದೊಂದು ಬರುವ ಸ್ಪರ್ಧೆ) ತಯಾರಿಗೆಂದು ಮೊನ್ನೆ ಪರ ಊರಿನ ಕೆರೆಯಲ್ಲಿ 5 ಕಿ.ಮೀ. ಈಜು ಸ್ಪರ್ಧೆಗೆ ಇಳಿದಿದ್ದೆ. ಐರನ್‌ಮ್ಯಾನ್ ಎಂಬ ದೂರದ ಟ್ರಯಥ್ಲಾನ್‌ನಲ್ಲಿ ಈಜು 3.8 ಕಿ.ಮೀ., ಆಮೇಲೆ 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ. ಸೈಕಲ್ ಬಿಡಿ, ಬಾಗಲಕೋಟೆ-ವಿಜಯಪುರದವರಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಕಷ್ಟ ನೀರಿನದು. ಈಜುಕೊಳದಲ್ಲಿ ಗೋಡೆ ಸಿಗುತ್ತದೆ, ತಳದಲ್ಲಿ ಗೆರೆ ಕಾಣುತ್ತದೆ. ಕೆರೆಯಲ್ಲಿ ಅದ್ಯಾವುದೂ ಇಲ್ಲ, ಆಗಾಗ ತಲೆ ಎತ್ತಿ ದಡದ ಗುರುತು ನೋಡದಿದ್ದರೆ ಎತ್ತಲೋ ಹೋಗಿಬಿಡುತ್ತೇವೆ, ನಾನೂ ಹೋದೆ, 200 ಮೀಟರ್ ಜಾಸ್ತಿಯೇ ಈಜಿರಬೇಕು!

ಹಳೇ ಬಾಗಲಕೋಟೆಯನ್ನು ಅರ್ಧ ನುಂಗಿದ ಆಲಮಟ್ಟಿ ಹಿನ್ನೀರು ಅಭ್ಯಾಸಕ್ಕೆ ಇಲ್ಲೇ ಇದೆ. ಆದರೆ ಮೊಸಳೆ ಇರುವ ಕೃಷ್ಣೆಯ ನೀರಿಗೆ ಸುಮ್ನೆ ಒಬ್ಬರೇ ಇಳಿಯಲಾಗುವುದಿಲ್ಲ, ಅಲ್ವಾ? ಸಂಬಂಧಪಟ್ಟವರು ಸುರಕ್ಷಿತ ಜಾಗ ನೋಡಿ, ತೇಲುವ ಗುರುತು ಹಾಕಿ, ಭಾನುವಾರ ಬೆಳಿಗ್ಗೆ 2 ತಾಸು ಕಾವಲಿಗೆ ಒಂದು ದೋಣಿ ನಿಲ್ಲಿಸಲಿ.

— ಒಬ್ಬ ಈಜುಗಾರ, ನವನಗರ, ಬಾಗಲಕೋಟೆ