ಕೆಂಪು ಟಿಪ್ಪರ್ ಫ್ಯೂಸ್: ನಾಳೆ ಬೆಳಿಗ್ಗೆ 8ಕ್ಕೆ ಶೆಡ್ಡಿಗೆ ಬನ್ನಿ

ಎಲ್ಲರಿಗೂ ನಮಸ್ಕಾರ. ಕೆಂಪು ಟಿಪ್ಪರಿನ ಪಾರ್ಕಿಂಗ್ ಲೈಟ್ ಫ್ಯೂಸ್ ಈ ವಾರ ನಾಲ್ಕನೇ ಸಲ ಹೋಗಿದೆ. ನಾಳೆ ಶಾರ್ಟ್ (ವೈರಿನ ತಾಮ್ರ ಗಾಡಿಯ ಕಬ್ಬಿಣಕ್ಕೆ ತಾಗುವುದು) ಎಲ್ಲಿದೆ ಅಂತ ಹುಡುಕುತ್ತೇವೆ. ಮಧ್ಯಾಹ್ನದವರೆಗೆ ಆ ಗಾಡಿ ಲೋಡಿಗೆ ಸಿಗುವುದಿಲ್ಲ. ಅದರ ಡ್ರೈವರ್, ಕ್ಲೀನರ್ ಇಬ್ಬರೂ ಬರಲೇಬೇಕು.

ಅಲ್ಲಿಯವರೆಗೆ ದಯವಿಟ್ಟು 10 ಆಂಪ್ ಜಾಗಕ್ಕೆ 30 ಹಾಕಬೇಡಿ. ಸಿಗರೇಟ್ ಪ್ಯಾಕಿನ ಬೇಗಡೆಯನ್ನೂ ಸುತ್ತಬೇಡಿ (ನಿನ್ನೆ ಯಾರು ಸುತ್ತಿದ್ದು ಅಂತ ಗೊತ್ತು, ಹೆಸರು ಹೇಳಲ್ಲ). ಫ್ಯೂಸ್ ಉಳಿಯುತ್ತೆ, ವೈರ್ ಸುಡುತ್ತೆ.

ಕೆಲಸ ಹೀಗೆ: ಆ ಲೈನಿನ ಬಲ್ಬ್‌ಗಳನ್ನೆಲ್ಲ ಕಳಚಿ, ಫ್ಯೂಸ್ ಜಾಗಕ್ಕೆ 24 ವೋಲ್ಟ್, 21 ವ್ಯಾಟ್ ಬಲ್ಬ್ ಕೊಟ್ಟು ಸ್ವಿಚ್ ಹಾಕುವುದು. ಅದು ಪೂರ್ತಿ ಉರಿದರೆ ಶಾರ್ಟ್ ಇದೆ. ಆಮೇಲೆ ಒಂದೊಂದೇ ಕನೆಕ್ಟರ್ ಬಿಚ್ಚುತ್ತಾ, ವೈರ್ ಅಲುಗಾಡಿಸುತ್ತಾ ಹೋಗುವುದು. ಎಲ್ಲಿ ಬಲ್ಬ್ ಆರುತ್ತೋ ತೊಂದರೆ ಅಲ್ಲೇ. ನನಗೆ ಅನುಮಾನ ಹಿಂದೆ ಚಾಸಿಯಲ್ಲಿ (ಗಾಡಿಯ ಅಡಿ ಚೌಕಟ್ಟು) ವೈರ್ ಹಾಯುವ ತೂತಿನ ಮೇಲೆ. ಅಲ್ಲಿನ ರಬ್ಬರ್ ಬಿದ್ದುಹೋಗಿದೆ, ವೈರ್ ನೇರ ಕಬ್ಬಿಣಕ್ಕೆ ಉಜ್ಜುತ್ತಿದೆ. ಮಣ್ಣು ಮೆತ್ತಿಕೊಂಡಿದ್ದರಿಂದ ತಾಮ್ರ ಕಾಣಲಿಲ್ಲ ಅಷ್ಟೇ.

ಹೋಲ್ಡರ್ ಸಮೇತ ಬಲ್ಬ್ ಇದ್ದವರು ತನ್ನಿ. ಆ ಗಾಡಿ ಓಡಿಸಿದವರೆಲ್ಲ ಫ್ಯೂಸ್ ಯಾವಾಗ ಹೋಯ್ತು, ಡಾಲಾ (ಲೋಡ್ ತುಂಬುವ ತೊಟ್ಟಿ) ಎತ್ತುವಾಗಲೋ ಗುಂಡಿ ಹಾರಿದಾಗಲೋ, ಇವತ್ತು ರಾತ್ರಿ 9ರೊಳಗೆ ಇಲ್ಲೇ ಬರೆಯಿರಿ. ವಾಯ್ಸ್ ಮೆಸೇಜ್ ಆದ್ರೂ ಪರವಾಗಿಲ್ಲ.